ಸಡಿಲ ತೊಲೆ

ಅನಿಯೆಲ್ಲೊ ಅದನ್ನು ಮೇಜುಬಟ್ಟೆಯಲ್ಲಿ ಸುತ್ತಿಕೊಂಡು
ಪ್ರೊಚಿದಾ ದ್ವೀಪದಿಂದ ಮೊದಲ ದೋಣಿಗೆ ಬಂದಿದ್ದ.
ಮೂವತ್ತು ವರ್ಷ ಅದೇ ದೋಣಿಯಿಂದ ದಡಕ್ಕೆ ಹಗ್ಗ ಎಸೆದವನು
ಇವತ್ತು ಟಿಕೇಟು ಕೊಂಡು ಕೂತು ಬಂದೆ ಎಂದ,
ಅವಮಾನವಾದವನ ಹಾಗೆ.

ಮ್ಯಾಂಡೊಲಿನ್. ಅಪ್ಪನದು, ಅಪ್ಪನಿಗೂ ಮುಂಚೆ ಯಾರದೋ.
ಇಪ್ಪತ್ತಮೂರು ಪಕ್ಕೆಲುಬಿನ ಮೇಪಲ್ ಬೋಗುಣಿ,
ಒಂದೊಂದು ಪಕ್ಕೆಯೂ ಉಗುರಿನಷ್ಟು ತೆಳು.
ಎದೆಹಲಗೆಯಲ್ಲಿ ಬಿರುಕು. ಎರಡು ಬಿರಡೆ ನಾಪತ್ತೆ.
"ಸರಿಮಾಡು, ರೆಸ್ಟಿಟೂತಾ.
ಮೊಮ್ಮಗಳ ಮದುವೆಗೆ ನುಡಿಸಬೇಕು."
ನೇಪಲ್ಸಿನ ಈ ಓಣಿಯಲ್ಲಿ ಬೆಲೆ ಕೇಳುವುದು
ಬಾಗಿಲು ದಾಟಿದ ಮೇಲೆ, ತಿರುಗಿ ನೋಡದೆ.

ಬಿಸಿ ಚಾಕು, ಒದ್ದೆ ಬಟ್ಟೆ.
ಹಳೆಯ ಅಂಟು ಚರ್ಮದ್ದು; ಕಾವು ತಾಗಿದರೆ
ತಾನು ದನವಾಗಿದ್ದ ದಿನ ನೆನೆದು ನಾರುತ್ತದೆ,
ಆಮೇಲೆ ಬಿಡುತ್ತದೆ.

ಎದೆ ತೆರೆಯಿತು.
ಒಳಗೆ ಪಕ್ಕೆಗಳ ಸಂದುಸಂದಿಗೂ ಕಾಗದದ ಪಟ್ಟಿ,
ಯಾವನೋ ಅಂಗಡಿಯವನ ಲೆಕ್ಕದ ಪುಸ್ತಕ ಸೀಳಿದ್ದು:
ಉಪ್ಪುಮೀನು, ಎರಡು ಪೀಪಾಯಿ. ದೀಪದೆಣ್ಣೆ.
ಹನ್ನೊಂದು ಕಾರ್ಲೀನೊ ಬಾಕಿ.
ಆ ತೀರದ ಬಾಕಿಯ ಮೇಲೆ
ಎಷ್ಟು ಮದುವೆಗಳು ಕುಣಿದವೋ.

ಹಲಗೆ ಸ್ಪ್ರೂಸಿನದು, ಚಳಿಬೆಟ್ಟದ ಮರ.
ವರ್ಷಕ್ಕೊಂದು ಗೆರೆ, ಕೂದಲಿನ ಪಕ್ಕ ಕೂದಲು;
ಮೂರು ಗೆರೆ ಮಾತ್ರ ಒತ್ತೊತ್ತಾಗಿ,
ಬಿಸಿಲೇ ಬಾರದ ಮೂರು ಬೇಸಿಗೆ ಇರಬೇಕು.
ಬೆರಳಲ್ಲಿ ತಟ್ಟಿದರೆ ಆ ಜಾಗವೇ ಹೆಚ್ಚು ಮಾತಾಡುತ್ತದೆ.
ಕುದುರೆಯ ಹಿಂದೆ ಕಾಯಿಸಿ ಬಗ್ಗಿಸಿದ ಬಾಗು:
ಅದಿಲ್ಲದಿದ್ದರೆ ಹಿತ್ತಾಳೆ ತಂತಿಗಳ ಸೆಳೆತಕ್ಕೆ
ಎದೆ ಎಂದೋ ಕುಸಿಯುತ್ತಿತ್ತು.

ನನ್ನ ಗುರು ಕತೆಲ್ಲೊ ಮೂಗಿನಲ್ಲೇ ಹೇಳುತ್ತಿದ್ದ:
ಗಟ್ಟಿ ಮಾಡುವುದು ಬಡಗಿಗೂ ಬರುತ್ತದೆ.
ಮುರಿಯುವುದಕ್ಕೆ ಒಂದು ಕೂದಲೆಳೆ ಮುಂಚೆ
ಉಳಿ ಕೆಳಗಿಡು.

ಅಡ್ಡತೊಲೆ ಎರಡು. ಕೆಳಗಿನದರ ಬಲತುದಿ
ಎರಡು ಬೆರಳಗಲ ಹಲಗೆಯಿಂದ ಬಿಟ್ಟಿತ್ತು.
ಸಂದಿಯಲ್ಲಿ ಧೂಳು, ಒಂದು ಸತ್ತ ಇರುವೆ.
ಒರೆಸಿದೆ. ಅಂಟು ಹಚ್ಚಿದೆ. ಬಿಗಿದೆ.
ಮೂರು ರಾತ್ರಿ ಅದರ ಪಕ್ಕ ಗಟ್ಟಿಯಾಗಿ ಕೆಮ್ಮಲೂ ಇಲ್ಲ.

ಎಂಟು ತಂತಿ, ನಾಲ್ಕು ಜೋಡಿ.
ಮೀಟಿದರೆ ದನಿ ತೊಳೆದ ಗಾಜು.
ಬೆನ್ನು ತಟ್ಟಿಕೊಳ್ಳಲು ಯಾರೂ ಇರಲಿಲ್ಲ, ನಾನೇ ತಟ್ಟಿಕೊಂಡೆ.

ಅನಿಯೆಲ್ಲೊ ನುಡಿಸಿದ. ನಡುವೆ ನಿಲ್ಲಿಸಿದ.
ಮತ್ತೆ ಅದೇ ಸ್ವರ, ಮೂರನೇ ಮೆಟ್ಟಿಲು. ಮತ್ತೆ.
ತಿರುಗಿಸಿ ಬೆನ್ನು ನೋಡಿದ, ಗೀರಿನ ಗುರುತು ಹುಡುಕಿ.
"ಇದು ಯಾರದು?"

"ಇಲ್ಲಿ ಅಪ್ಪ ಬಿಕ್ಕುತ್ತಿದ್ದ," ಎಂದ.
"ಅವನ ಬೆರಳಿಗೆ ಗಾಳ ಹೊಕ್ಕು ನರ ಹೋಗಿತ್ತು,
ಅದಕ್ಕೇ ಈ ಸ್ವರ ಸೀಳುತ್ತದೆ ಎನ್ನುತ್ತಿದ್ದಳು ಅಮ್ಮ.
ಊಟ ಬಿಟ್ಟು ಕೇಳುತ್ತಿದ್ದೆವು."

ಬೆರಳಲ್ಲ, ಅನಿಯೆಲ್ಲೊ, ತೊಲೆ:
ಸಡಿಲ ಮರ ಹಲಗೆಗೆ ಬಡಿಯುವ ಸದ್ದು, ಅಷ್ಟೆ.
ನಾಲಿಗೆಯ ತುದಿಗೆ ಬಂತು.
ಅವನು ಮೇಜುಬಟ್ಟೆಯನ್ನು ನಾಲ್ಕಾಗಿ ಮಡಚುತ್ತಿದ್ದ,
ಖಾಲಿ ಬಟ್ಟೆಯನ್ನು.
"ಗುರುವಾರ ಬಾ" ಎಂದೆ.

ಆ ರಾತ್ರಿ ಬಾಗಿದ ಚಾಕು ಕಾಯಿಸಿ
ಸ್ವರರಂಧ್ರದೊಳಗೆ ಮಣಿಕಟ್ಟು ತೂರಿಸಿ
ಕಣ್ಣಿಲ್ಲದ ಬೆರಳಲ್ಲಿ ತುದಿ ಹುಡುಕಿ
ಎರಡು ಬೆರಳಗಲ ಬಿಡಿಸಿದೆ.
ಮೀಟಿದೆ. ಬಿಕ್ಕಿತು.

ದುರಸ್ತಿ ಪುಸ್ತಕದಲ್ಲಿ ಬರೆದೆ:
ಕೆಳತೊಲೆ, ಬಲತುದಿ, ಬೇಕೆಂದೇ ಬಿಟ್ಟಿದೆ.
ಮುಂದೆ ಬಿಚ್ಚುವವರು ದಡ್ಡಿ ಎನ್ನಲಿ.

ದೀಪ ಆರಿಸುವಾಗ ನೆನಪಾಯಿತು:
ಅಂಟು ತಾನಾಗಿ ಬಿಟ್ಟರೆ ಅಂಚು ಹಲ್ಲುಹಲ್ಲಾಗಿರುತ್ತದೆ.
ಮೊದಲ ದಿನ ಧೂಳು ಒರೆಸಿದಾಗ
ಅಲ್ಲಿ ಕಂಡದ್ದು ನೇರ ಗೆರೆ,
ಚಾಕುವಿನದು.